ಹಿಂದೆ ಹಿಡಿಕೆ ಬೇಡ

ಗೇಟು ಮಾಡುವವನ ಕೈಯಲ್ಲಿ ಸೈಕಲ್ ಮಾಡಿಸಿದರೆ ಏನಾಗುತ್ತೆ? ಗೇಟೇ ಆಗುತ್ತೆ. ಟೈಲರಕ್ಕನಿಗೆ ಅವಳ ತಮ್ಮ ಮಾಡಿಕೊಟ್ಟ ಮೊದಲನೇ ಗಾಡಿ ಹಾಗೇ ಇತ್ತು. ಮೂರು ಚಕ್ರ, ಒರಗುವ ಸೀಟು, ಎದೆಯ ಮುಂದೆ ಕೈಯಲ್ಲಿ ತಿರುಗಿಸುವ ಪೆಡಲು, ಎಲ್ಲಾ ಸರಿ. ಆದರೆ ಕಾಂಪೌಂಡಿಗೆ ಹಾಕುವ ದಪ್ಪ ಪೈಪನ್ನೇ ಕೂಡಿಸಿ ವೆಲ್ಡ್ ಮಾಡಿದ್ದ, ಪುಣ್ಯಾತ್ಮ. ಅವನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಸುತ್ತ ಒಂದು ಸಲ ನೋಡಿ, "ಇದಕ್ಕೆ ಬೀಗ ಎಲ್ಲಿ ಹಾಕೋದು ರೀ?" ಅಂದಳು.

ಅಕ್ಕನೂ ನಕ್ಕಳು. ನಗದೆ ಇನ್ನೇನು ಮಾಡ್ತಾಳೆ? ಪೆಡಲು ಜಗ್ಗಿ ಜಗ್ಗಿ ಅವಳ ಭುಜ ಆಗಲೇ ಉರಿಯುತ್ತಿತ್ತು, ಗಾಡಿ ಮಾತ್ರ ಒಂದು ಗೇಣೂ ಕದಲಿರಲಿಲ್ಲ.

ಈ ಸೈಕಲ್ ಹುಚ್ಚು ಹತ್ತಿದ್ದು ಒಬ್ಬ ಗಿರಾಕಿಯಿಂದ. ಎರಡೂ ಕಾಲಿಲ್ಲದ ದಪ್ಪನೆಯ ಹೆಂಗಸು, ಅಂಗಿಯ ತೋಳು ಗಿಡ್ಡ ಮಾಡಿಸೋಕೆ ಇಂಥದೇ ಗಾಡಿ ತಿರುಗಿಸಿಕೊಂಡು ಒಬ್ಬಳೇ ಅಂಗಡಿ ಬಾಗಿಲಿಗೆ ಬಂದಿದ್ದಳು. ಹಣೆಯಲ್ಲಿ ಬೆವರು, ಬಾಯಲ್ಲಿ ಹಾಡು. "ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ, ನಮ್ಮಂಥವರೇ ಸೇರ್ತೀವಿ. ಮೊದಲು ಯಾರಿಗೂ ಬರ್ತಿರಲಿಲ್ಲ, ಎಲ್ಲರೂ ಅಲ್ಲೇ ಕಲಿತಿದ್ದು" ಅಂದಳು. ಅಕ್ಕ ನೋಡಿದ್ದು ಅವಳ ಮುಖವನ್ನಲ್ಲ, ಗಾಡಿಯ ಹಿಂಭಾಗವನ್ನು. ಅಲ್ಲಿ ತಳ್ಳುವ ಹಿಡಿಕೆಯೇ ಇರಲಿಲ್ಲ.

ಅಕ್ಕನ ಕಾಲು ಹರೆಯದಲ್ಲೇ ಕೈಕೊಟ್ಟಿದ್ದವು. ಸ್ನಾಯು ಸವೆಯುವ ಕಾಯಿಲೆ. ಅಂದಿನಿಂದ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಅಂಗಡಿಗೆ, ಯಾರೋ ಎತ್ತಬೇಕು, ಯಾರೋ ತಳ್ಳಬೇಕು. ತಳ್ಳುವವರು ದಾರಿಯಲ್ಲಿ ನಿಂತು ಹರಟಿದರೆ ಇವಳೂ ನಿಲ್ಲಬೇಕು, ಗೋಡೆ ನೋಡುತ್ತಾ. ಕೈಗೆ ಮಾತ್ರ ಯಾರ ಹಂಗೂ ಇರಲಿಲ್ಲ. ಕೈಯಲ್ಲಿ ಚಕ್ರ ತಿರುಗಿಸುವ ಹಳೇ ಹೊಲಿಗೆ ಮಶೀನಿನಲ್ಲೇ ಅರ್ಧ ಊರಿಗೆ ರವಿಕೆ ಹೊಲಿದಿದ್ದಳು. "ನಮ್ಮಕ್ಕನ ಕೈ ಅಂದ್ರೆ ಕಬ್ಬಿಣ" ಅಂತ ತಮ್ಮ ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

"ಮಾಡ್ಕೊಡ್ತೀನಿ ಬಿಡಕ್ಕ" ಅಂದಿದ್ದ ಅವತ್ತೇ.

"ಮಾಡು. ಆದ್ರೆ ಹಿಂದೆ ಹಿಡಿಕೆ ಹಾಕಿದ್ಯೋ, ಕತ್ತರಿ ತಗೊಂಡು ಬರ್ತೀನಿ ನೋಡು."

"ಹಾಕಲ್ಲ. ಇನ್ನೂ ಒಂದು ಮಾತು. ನೀನು ಮೈದಾನಕ್ಕೆ ಹೋಗಿ ಬರೋವರೆಗೂ ಆ ಸೀಟಲ್ಲಿ ಇನ್ನೊಬ್ಬರು ಕೂರಕೂಡದು. ನಾನೂ ಕೂರಲ್ಲ, ನಿನ್ನಾಣೆ. ಅಕ್ಕನ ಗಾಡಿ ಅಕ್ಕಂದೇ."

ಎಂಥಾ ಅಭಿಮಾನ! ಆ ಅಭಿಮಾನವೇ ಮನೆ ಹಾಳು ಮಾಡಿತು. ಮಾಡಿದವನೇ ಕೂತು ನೋಡದ ಗಾಡಿಯ ತಪ್ಪು ಯಾವುದು, ಕೂತವಳ ತಪ್ಪು ಯಾವುದು, ಯಾರಿಗೆ ಗೊತ್ತಾಗಬೇಕು?

ಅಕ್ಕನಿಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸುವಾಗ ಬೆರಳು ಜಾರತೊಡಗಿದ್ದವು. ಬಟ್ಟೆ ತರ್ತೀನಿ ಅಂತ ಸುಳ್ಳು ಹೇಳಿ, ದಿನಾ ಬರುವ ಆಟೋದವನನ್ನೇ ಕರಕೊಂಡು ಆಸ್ಪತ್ರೆಗೆ ಹೋಗಿದ್ದಳು. "ಕೈಗೂ ಬಂದಿದೆಯಮ್ಮ" ಅಂದಿದ್ದರು ಡಾಕ್ಟರು. "ಔಷಧಿ ಇಲ್ಲ. ಕೈಯ ಬಲ ನಿಧಾನಕ್ಕೆ ಹೋಗುತ್ತೆ, ಇನ್ನೂ ಸ್ವಲ್ಪ ಕಾಲ ಇರುತ್ತೆ." ಆ ಸ್ವಲ್ಪ ಕಾಲವನ್ನೇ ಅವಳು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಒಂದೇ ಒಂದು ಭಾನುವಾರ, ಯಾರೂ ತಳ್ಳದೆ ಬೀದಿಯ ತಿರುವು ದಾಟಿ ಮೈದಾನ ಮುಟ್ಟಬೇಕು. ಆಮೇಲೆ ಏನಾದರೂ ಆಗಲಿ. ತಮ್ಮನಿಗೆ ಹೇಳಿದರೆ ಅವನು ಅಳುತ್ತಾ ಕೂರುತ್ತಾನೆ, ಗಾಡಿ ಮೂಲೆ ಸೇರುತ್ತೆ. ಅದಕ್ಕೇ ತುಟಿ ಬಿಚ್ಚಲಿಲ್ಲ.

ಎರಡನೇ ಗಾಡಿ ಬರುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ಗಿರಾಕಿಗಳ ಗೇಟಿನ ನಡುವೆ ಬಿಡುವಾದಾಗಷ್ಟೇ ಕೆಲಸ. ಈ ಸಲ ಸಣ್ಣ ಪೈಪು. ಗಾಡಿ ಹೊರಟಿತು ಕೂಡ! ಪಕ್ಕದ ಮನೆಯ ಚರಂಡಿ ಕಲ್ಲಿನವರೆಗೆ ಹೋಗಿ ನಿಂತುಬಿಟ್ಟಿತು.

"ಚೈನು ಬಿಗಿ ಅನ್ಸುತ್ತೆ ಕಣೋ" ಅಂದಳು ಅಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಅವಳಿಗೂ ನೆನಪಾಯಿತು, ನಾಚಿಕೆಯೂ ಆಯಿತು. ತಮ್ಮ ಮಾತ್ರ ತಲೆ ತಲೆ ಚಚ್ಚಿಕೊಂಡು ಎಲ್ಲಾ ಬಿಚ್ಚಿಹಾಕಿದ.

ಮೂರನೇ ಗಾಡಿ ಹೂವಿನಷ್ಟು ಹಗುರ. ಹಸಿರು ಬಣ್ಣ, ಪಕ್ಕದಲ್ಲಿ ಬೆಲ್ಲು. ಭಾನುವಾರ ಬೆಳಿಗ್ಗೆ ಅಕ್ಕ ತಾನೇ ಹೊಲಿದ ಹೊಸ ಅಂಗಿ ತೊಟ್ಟು ಕೂತಳು. ಕೊನೆಯ ಗುಂಡಿಯನ್ನು ತಮ್ಮನ ಹೆಂಡತಿ ಹಾಕಿಕೊಡಬೇಕಾಯಿತು. ಪೆಡಲು ಹಿಡಿದು ಉಸಿರು ಬಿಗಿದು ಒತ್ತಿದಳು. ಅರ್ಧ ಸುತ್ತು ಬಂತು. ಮೇಲಕ್ಕೆ ಬರಬೇಕಾದ ಕಡೆ ಕೈ ನಡುಗಿತು, ಪೆಡಲು ವಾಪಸ್ಸು ಬಂತು. ಮತ್ತೆ ಒತ್ತಿದಳು, ಮತ್ತೆ ವಾಪಸ್ಸು.

"ಥೂ, ನನ್ನ ಜನ್ಮಕ್ಕಿಷ್ಟು!" ತಮ್ಮ ಸ್ಪ್ಯಾನರ್ ಎತ್ತಿಕೊಂಡ. "ಮತ್ತೆಲ್ಲೋ ತಪ್ಪಿದ್ದೀನಿ. ಇಳಿಯಕ್ಕ, ಬಿಚ್ತೀನಿ."

"ಅಯ್ಯೋ, ನಿಮ್ಮ ಆಣೆ ಗೀಣೆ ಎಲ್ಲಾ ಸಾಕು ರೀ" ಅಂದಳು ಹೆಂಡತಿ. ಅಕ್ಕನನ್ನು ಎತ್ತಿ ಜಗಲಿಯ ಮೇಲೆ ಕೂರಿಸಿ, ಬೇಡ ಅನ್ನುವಷ್ಟರಲ್ಲಿ ತಾನೇ ಹೋಗಿ ಸೀಟಿನಲ್ಲಿ ಕೂತುಬಿಟ್ಟಳು.

ಗಾಡಿ ಹೊರಟಿತು. ಚರಂಡಿ ಕಲ್ಲು ದಾಟಿತು, ಏರು ಹತ್ತಿತು, ತಿರುವಿನಲ್ಲಿ ಮರೆಯಾಯಿತು. ಬೆಲ್ಲಿನ ಸದ್ದು ಕೇಳಿಸಿತು. ವಾಪಸ್ಸು ಬರುವಾಗ ಅವಳು ಒಂದೇ ಕೈಯಲ್ಲಿ ತಿರುಗಿಸುತ್ತಿದ್ದಳು, ಇನ್ನೊಂದು ಕೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ. "ಬೆಣ್ಣೆ ಕಣ್ರೀ, ಬೆಣ್ಣೆ! ಏನೂ ತಪ್ಪಿಲ್ಲ ಇದ್ರಲ್ಲಿ..." ಅಂದವಳು ಇಬ್ಬರ ಮುಖ ನೋಡಿ ಬಾಯಿ ಮುಚ್ಚಿದಳು.

ತಮ್ಮ ಅಕ್ಕನ ಕೈ ನೋಡುತ್ತಿದ್ದ. ಅವಳು ಅಂಗಿಯ ತುದಿಯೊಳಗೆ ಬಚ್ಚಿಟ್ಟುಕೊಳ್ಳಲು ನೋಡಿದಳು.

"ಯಾವಾಗಿಂದ ಅಕ್ಕ?"

"ನಿನ್ನ ಗೇಟಿಗಿಂತ ಮುಂಚಿನಿಂದ."

ಅವನು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. "ಅವತ್ತೇ ನಾನು ಈ ಪೈಪು ಹಾಕಿದ್ರೆ? ಅವತ್ತು ಹೋಗ್ತಿದ್ದೆ ತಾನೇ? ನಿಜ ಹೇಳು."

ಹೋಗುತ್ತಿದ್ದಳು. ಮೈದಾನ ಏನು, ಅದರಾಚೆಗೂ ಹೋಗುತ್ತಿದ್ದಳು.

"ಇಲ್ಲ ಕಣೋ. ಅವತ್ತೂ ಆಗ್ತಿರಲಿಲ್ಲ."

ಅವನು ನಂಬಲಿಲ್ಲ. ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಹೆಂಡತಿ ಸೀಟಿನಿಂದ ಇಳಿದು, ಏನೋ ಮುರಿದವಳ ಹಾಗೆ ಗಾಡಿಯಿಂದ ದೂರ ನಿಂತಳು.

ಆಮೇಲೆ ಅಕ್ಕ ಕೊರಳಲ್ಲಿದ್ದ ಅಳತೆ ಟೇಪನ್ನು ಎಳೆದುಕೊಂಡಳು.

"ಏಳೋ. ಇಲ್ಲಿ ಬಾ. ಹಿಂದೆ ಹಿಡಿಕೆ ಹಾಕ್ಬೇಕು. ತಳ್ಳೋನು ನೀನು ತಾನೇ, ನಿನ್ನ ಎತ್ತರಕ್ಕೇ ಇರಲಿ. ಬಗ್ಗಿ ತಳ್ಳಿದ್ರೆ ಬೆನ್ನು ಹೋಗುತ್ತೆ."

ಅವನು ಬಂದು ನಿಂತ. ಟೇಪಿನ ಒಂದು ತುದಿಯನ್ನು ಅವನ ಕಾಲಡಿ ಇಡಿಸಿದಳು. ಇನ್ನೊಂದು ಕಡೆಯನ್ನು ಸೊಂಟಕ್ಕೆ ಎತ್ತಲು ಹೋದಳು, ಮೊಣಕಾಲಿನ ಹತ್ತಿರ ಬಂದು ಕೈ ನಿಂತುಬಿಟ್ಟಿತು. ತಮ್ಮ ಬಗ್ಗಿ ಅವಳ ಬೆರಳಿನಿಂದ ಟೇಪು ಬಿಡಿಸಿಕೊಂಡು, ತನ್ನ ಸೊಂಟಕ್ಕೆ ತಾನೇ ಒತ್ತಿ ಹಿಡಿದ. ಹೆಗಲು ಅದುರುತ್ತಿತ್ತು.

"ನೆಟ್ಟಗೆ ನಿಂತ್ಕೊಳೋ" ಅಂದಳು ಅಕ್ಕ. "ಅಳತೆ ತಪ್ಪುತ್ತೆ."