ಎಡಗಡೆಯ ಕೊಳವೆ

"ಎರಡೂ ಮುಳ್ಳು ಅಲ್ಲಾಡಿಲ್ವಂತೆ! ಒಂದಲ್ಲ ಕಣ್ರೋ, ಎರಡೂ!"

ಡಕೋಟಾ ವಿಮಾನದ ಮೂತಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಮುನಿವೆಂಕಟಪ್ಪ ಕಿರುಚುತ್ತಿದ್ದ. ಸುತ್ತ ನಿಂತಿದ್ದ ಅವನ ಕೈಕೆಳಗಿನ ಆರು ಜನರೂ ತಮ್ಮ ತಮ್ಮ ಕಾಲ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು. ಅರ್ಧ ಗಂಟೆಯ ಹಿಂದೆ ಇದೇ ವಿಮಾನ ಓಡುದಾರಿಯ ಮುಕ್ಕಾಲು ಭಾಗ ಓಡಿತ್ತು. ವೇಗ ತೋರಿಸುವ ಮುಳ್ಳುಗಳು ಸೊನ್ನೆ ಬಿಟ್ಟು ಏಳದಿದ್ದುದನ್ನು ಪೈಲಟ್ ಕಂಡು ಬ್ರೇಕ್ ಒತ್ತಿದ್ದ. ಚಕ್ರಗಳಿಂದ ಹೊಗೆ ಬಂದು, ರಾಗಿ ಹೊಲದ ಬೇಲಿಗೆ ಹತ್ತು ಮಾರು ಇರುವಾಗ ಅದು ನಿಂತಿತ್ತು. ಪೈಲಟ್ ಕೆಳಗಿಳಿದು ಮೇಲಧಿಕಾರಿ ವಿಲ್ಕಾಕ್ಸ್ ಸಾಹೇಬನಿಗಷ್ಟೇ ವಿಷಯ ಹೇಳಿ, ಬೇರೆ ಯಾರೊಂದಿಗೂ ಮಾತಾಡದೆ ನೆರಳಿಗೆ ಹೋಗಿ ಕೂತ.

ಯುದ್ಧ ಬಂದ ಮೇಲೆ ಆವತಿಯ ಆಚೆಯ ಬಯಲನ್ನು ಸಮ ಮಾಡಿ ಮಿಲಿಟರಿಯವರು ವಿಮಾನ ಇಳಿಸತೊಡಗಿದ್ದರು. ದೇವನಹಳ್ಳಿಯಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ ಮುನಿವೆಂಕಟಪ್ಪ ಎರಡೇ ವರ್ಷದಲ್ಲಿ ಇಲ್ಲಿ ಸೂಪರ್‌ವೈಸರ್ ಆಗಿದ್ದ. ಹಾರುವ ಮುಂಚೆ ವಿಮಾನವನ್ನು ಮೂತಿಯಿಂದ ಬಾಲದವರೆಗೆ ನೋಡಿ ಅವನು ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಸಹಿ ಇಲ್ಲದೆ ಎಂಥ ದೊರೆ ಬಂದರೂ ವಿಮಾನ ಏಳುವಂತಿರಲಿಲ್ಲ. ತಿಂಗಳ ಕೊನೆಗೆ, ವಿಮಾನ ರಿಪೇರಿಯ ಲೈನು ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಾರ್ಜೆಂಟ್ ಊರಿಗೆ ಹೋಗುವವನಿದ್ದ. ಇಡೀ ಲೈನಿನ ಚಾರ್ಜು ನಿನಗೇ ಎಂದು ವಿಲ್ಕಾಕ್ಸ್ ಸಾಹೇಬ ಮಾತು ಕೊಟ್ಟಿದ್ದ. ಹೆಂಡತಿ ಮುನಿಲಕ್ಷ್ಮಮ್ಮ ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ಮುಗಿಸಿದ್ದಳು. ಈಗ ನೋಡಿದರೆ ಈ ಕರ್ಮ.

ಮೂತಿಯ ಕೆಳಗೆ ಬೆರಳು ಗಾತ್ರದ ಎರಡು ಪಿಟೋ ಕೊಳವೆಗಳು ಮುಂದಕ್ಕೆ ಚಾಚಿಕೊಂಡಿದ್ದವು. ಅವುಗಳ ತುದಿಯ ತೂತಿನಲ್ಲಿ ಗಾಳಿ ನುಗ್ಗಿದರೆ ಮಾತ್ರ ಒಳಗಿನ ಮುಳ್ಳು ವೇಗ ತೋರಿಸುತ್ತಿತ್ತು. ಮುನಿವೆಂಕಟಪ್ಪ ಒಂದಕ್ಕೆ ತೆಳು ತಂತಿ ಹಾಕಿ ಕೆದಕಿದ. ಅಂಗೈ ಮೇಲೆ ಒಣಗಿದ ಕೆಂಪು ಹಕ್ಕಳೆಯೊಂದು ಉದುರಿತು. ಮೂಸಿ ನೋಡಿದ. ಗಂಧ, ಕುಂಕುಮ. ಎರಡರಲ್ಲೂ ಅದೇ.

"ಅಯ್ಯೋ ನಿಮ್ಮ ಮನೆ ಕಾಯ್ವಾಗ!" ಅವನು ಎದ್ದು ನಿಂತ. "ಚಕ್ರಕ್ಕೆ ಮಾತ್ರ ಬೊಟ್ಟಿಡ್ರೋ ಅಂತ ಬಡ್ಕೊಂಡ್ನೋ ಇಲ್ವೋ? ಒಂದು ವಾರ, ಒಂದು ವಾರ ಆ ಸಾಹೇಬನ ಹಿಂದೆ ಬಿದ್ದು ಆಯುಧಪೂಜೆಗೆ ಒಪ್ಪಿಸಿದ್ದೆ. ನೀವು ನೀರಿನ ಬಕೀಟಿಗೆ ಬಳಿದ್ರಿ, ಪೆಟ್ರೋಲ್ ಡ್ರಮ್ಮಿಗೆ ಬಳಿದ್ರಿ, ಸಾಹೇಬನ ನಾಯಿ ಹಣೆಗೂ ಬಳಿದ್ರಿ! ಹೋಗ್ಲಿ ಅಂದ್ಕೊಂಡೆ. ಇದಕ್ಕೂ ಬಳೀಬೇಕಿತ್ತಾ? ಯಾವನು ಬಳಿದಿದ್ದು?"

ಅವನು ಅಂಗೈಯ ಕೆಂಪು ಪುಡಿಯನ್ನು ಒಬ್ಬೊಬ್ಬರ ಮೂಗಿನ ಮುಂದೆ ಹಿಡಿಯುತ್ತ ಹೋದ.

"ಮಧ್ಯಾಹ್ನದೊಳಗೆ ಹೆಸರು ಬರ್ಕೊಡು ಅಂದವ್ನೆ ಸಾಹೇಬ. ಹೆಸರು ಬರೆದ್ರೆ ಅವನು ಇವತ್ತೇ ಮನೆಗೆ. ಹೇಳ್ದಿದ್ರೆ ಆರು ಜನಾನೂ ಬರೀತೀನಿ, ನೋಡ್ತಾ ಇರಿ!"

ಪಿಳ್ಳಣ್ಣ ಒಂದು ಹೆಜ್ಜೆ ಮುಂದೆ ಬಂದ. ಸಾಸಲು ಕಡೆಯವನು, ಐವತ್ತು ದಾಟಿದವನು. ವಿಮಾನ ಉರುಳದಂತೆ ಚಕ್ರಕ್ಕೆ ಮರದ ತುಂಡು ಕೊಡುವುದು, ತೆಗೆಯುವುದು, ಧೂಳು ಹೋಗದಂತೆ ಕೊಳವೆಗಳಿಗೆ ಕ್ಯಾನ್ವಾಸ್ ಚೀಲ ತೊಡಿಸುವುದು ಅವನ ಕೆಲಸ.

"ನಂದೇ ಹೆಸ್ರು ಬರ್ಕೊಳಣ್ಣ."

"ನೀನಾ? ಬೊಟ್ಟಿಟ್ಟು ಅದರ ಮೇಲೆ ಚೀಲಾನೂ ತೊಡಿಸ್ದಾ? ಚೀಲದ ಬಟ್ಟೆ ಅದನ್ನೆಲ್ಲಾ ತೂತಿನೊಳಕ್ಕೆ ತುರುಕೈತಲ್ಲೋ! ಕಣ್ಣಿರಲಿಲ್ವಾ ನಿಂಗೆ?"

"ಬರ್ಕೊಳಣ್ಣ ಅಂದ್ನಲ್ಲ."

ಮುನಿವೆಂಕಟಪ್ಪ ಕಾಗದ ಹುಡುಕಿದ. ಪೆನ್ನಿನ ಮುಚ್ಚಳ ಕೈಜಾರಿ ಬಿತ್ತು, ಅದಕ್ಕೂ ಬೈದ. ಕಾಗದದ ಮೇಲೆ ಪಿಳ್ಳಣ್ಣನ ಹೆಸರಿನ ಮೊದಲಕ್ಷರ ಬೀಳುವಷ್ಟರಲ್ಲಿ ಫಿಟ್ಟರ್ ಚಿಕ್ಕಬೀರಪ್ಪ ತಡೆಯಲಾರದೆ ಬಾಯಿಬಿಟ್ಟ.

"ಅವನಲ್ಲ ಕಣಣ್ಣ."

"ಮತ್ಯಾರು?"

"ನೀನೇ."

"ಏನಂದೆ?"

"ನೀನೇ ಕಣಣ್ಣ ಇಟ್ಟಿದ್ದು. ನಿನ್ನೆ ಸಾಯಂಕಾಲ ಮಂಗಳಾರತಿ ಆದ್ಮೇಲೆ."

ಸುಳ್ಳು ಎನ್ನಲು ಬಾಯಿ ತೆರೆದ ಮುನಿವೆಂಕಟಪ್ಪನಿಗೆ ಪೂಜೆಯ ತಟ್ಟೆಯ ತಣ್ಣನೆಯ ಅಂಚು ನೆನಪಾಯಿತು. ಚಕ್ರಗಳಿಗೆ ಪೂಜೆ ಮಾಡಿ, ತಟ್ಟೆ ಹಿಡಿದು ಮೂತಿಯ ಮುಂದೆ ಬಂದಿದ್ದ. ಎರಡು ಕೊಳವೆಗಳು ಕೊಂಬಿನ ಹಾಗೆ ಎದುರಿಗಿದ್ದವು. ನಡೆಯಲು ಕಲಿತಾಗಿನಿಂದ ಹಬ್ಬಹಬ್ಬಕ್ಕೂ ಮನೆಯ ಎತ್ತುಗಳ ಕೊಂಬಿಗೆ ಗಂಧ ಕುಂಕುಮ ಹಚ್ಚಿದ ಕೈ ಅದು. ಹೆಬ್ಬೆರಳು ತಾನೇ ತಟ್ಟೆಗೆ ಹೋಗಿತ್ತು, ತಾನೇ ಕೊಳವೆಯ ತುದಿಗೆ ಹೋಗಿತ್ತು. ಎಡಗಡೆ ಒಂದು, ಬಲಗಡೆ ಒಂದು. ಕೈಮುಗಿದೂ ಇದ್ದ.

ಬೆಳಿಗ್ಗೆ ಚೀಲ ತೆಗೆದಿರುವುದನ್ನು ದೂರದಿಂದಲೇ ನೋಡಿ ಸಹಿ ಹಾಕಿದ್ದವನೂ ಅವನೇ. ಬಗ್ಗಿ ತೂತು ನೋಡಿರಲಿಲ್ಲ.

ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಆರು ಜನ ನಿಂತು ನೋಡಿದ್ರಲ್ಲೋ! ಒಬ್ಬನಾದ್ರೂ ಹೇಳಬಾರ್ದಾಗಿತ್ತಾ? ಪೈಲಟ್ ಸತ್ತಿದ್ರೆ?"

"ನೀನೇ ಇಟ್ಟಿದ್ದು ಅಂದ್ಮೇಲೆ ಸರಿಯಾಗೇ ಇರ್ತದೆ ಅನ್ಕೊಂಡ್ವಿ," ಎಂದ ಚಿಕ್ಕಬೀರಪ್ಪ.

"ಇವನು?" ಮುನಿವೆಂಕಟಪ್ಪ ಪಿಳ್ಳಣ್ಣನ ಕಡೆ ಕೈ ಮಾಡಿದ. "ಚೀಲ ತೊಡಿಸ್ದೋನು ನೀನು. ನಿನಗೇನಾಗಿತ್ತು ದಾಡಿ?"

ಪಿಳ್ಳಣ್ಣ ತಲೆವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. "ಹೋದ ತಿಂಗಳು ನಾನು ಇಂಜಿನ್ ಮುಚ್ಚಳದ ಕೊಂಡಿ ಹಾಕಿಲ್ಲ ಅಂದೆ. ನನಗೇ ಪಾಠ ಹೇಳ್ತೀಯೇನೋ, ಮರದ ತುಂಡು ಹೊತ್ಕೊಂಡು ಬಿದ್ದಿರು ಅಂದೆ ನೀನು. ಎಲ್ಲರ ಮುಂದೆ. ಅವತ್ತಿಂದ ಬಿದ್ದಿವ್ನಿ."

ಅವತ್ತು ಕೊಂಡಿ ನಿಜವಾಗಿಯೂ ಹಾಕಿರಲಿಲ್ಲ. ಬೈದಾದ ಮೇಲೆ ಯಾರಿಗೂ ಕಾಣದ ಹಾಗೆ ಮುನಿವೆಂಕಟಪ್ಪನೇ ಹೋಗಿ ಹಾಕಿ ಬಂದಿದ್ದ.

ಅವನು ಆ ಒಂದಕ್ಷರದ ಮೇಲೆ ಗೀಟು ಎಳೆದು, ಕೆಳಗೆ ಇನ್ನೊಂದು ಹೆಸರು ಬರೆದುಕೊಂಡು ಆಫೀಸಿಗೆ ನಡೆದ.

ವಿಲ್ಕಾಕ್ಸ್ ಸಾಹೇಬ ಕಾಗದವನ್ನು ಎರಡು ಸಲ ಓದಿದ. ತಪ್ಪು ಮಾಡಿದವನ ಹೆಸರು ಬರಿ ಎಂದರೆ ನಿನ್ನ ಸಹಿ ಯಾಕೆ ಹಾಕಿದೆ ಎಂದು ಕೇಳಿದ. ಸಹಿಯಲ್ಲ, ಹೆಸರೇ, ಎಂದು ಮುನಿವೆಂಕಟಪ್ಪ ಹರಕು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಲೈನಿನ ಚಾರ್ಜು ವಹಿಸಿಕೊಳ್ಳಲು ಮದರಾಸಿನಿಂದ ಬೇರೆಯವರನ್ನು ಕರೆಸುತ್ತೇನೆ, ಅವರು ಬರುವವರೆಗೆ ಕೆಲಸ ನಿಲ್ಲುವಂತಿಲ್ಲ, ಮೂರು ಗಂಟೆಗೆ ವಿಮಾನ ಸಿದ್ಧ ಮಾಡು, ಎಂದಷ್ಟೇ ಹೇಳಿ ಇನ್ನೊಂದು ಕಾಗದ ಎಳೆದುಕೊಂಡ. ಮುನಿಲಕ್ಷ್ಮಮ್ಮನಿಗೆ ಏನು ಹೇಳುವುದು ಎಂದು ಯೋಚಿಸುತ್ತ ಮುನಿವೆಂಕಟಪ್ಪ ಬಿಸಿಲಿಗೆ ಬಂದ.

ಮೂರು ಗಂಟೆಗೆ ಪೈಲಟ್ ಮೇಲೆ ಹತ್ತಿ ಕೂತಿದ್ದ. ಕೊಳವೆಗಳನ್ನು ಬಿಚ್ಚಿ, ತೊಳೆದು, ಗಾಳಿ ಊದಿ ಮತ್ತೆ ಕೂರಿಸಿದ್ದರು. ಮುನಿವೆಂಕಟಪ್ಪ ಮೂತಿಯಿಂದ ಬಾಲದವರೆಗೆ ನೋಡಿ ಬಂದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದ.

"ಅಣ್ಣ," ಎಂದ ಪಿಳ್ಳಣ್ಣ. ಎರಡೂ ಕೈಯಲ್ಲಿ ಮರದ ತುಂಡು ಅವುಚಿಕೊಂಡು ಎದುರಿಗೇ ನಿಂತಿದ್ದ. "ಎಡಗಡೇದು."

"ಏನು ಎಡಗಡೇದು?"

"ಬಲಗಡೇದು ನೀನು ಬಗ್ಗಿ ನೋಡ್ದೆ. ಎಡಗಡೇದು ನೋಡಿದ್ದು ನಾ ಕಾಣ್ಲಿಲ್ಲ."

"ನೋಡಿದೀನಿ ಕಣೋ! ಊದಿದ್ದು ನಾನು, ಕೂರಿಸಿದ್ದು ನಾನು! ಎಷ್ಟು ಸಲ ನೋಡ್ಬೇಕು ಅದನ್ನ?"

ಪಿಳ್ಳಣ್ಣ ಆ ಜಾಗ ಬಿಟ್ಟು ಕದಲಲಿಲ್ಲ.

ಮುನಿವೆಂಕಟಪ್ಪ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ. ಪೈಲಟ್ ಕಿಟಕಿಯಿಂದ ತಲೆ ಹಾಕಿ ಏನೋ ಕೂಗಿದ. ಗೊಣಗುತ್ತಲೇ ಮುನಿವೆಂಕಟಪ್ಪ ಮೂತಿಯ ಕೆಳಗೆ ಹೋಗಿ ಮಣ್ಣಿಗೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಎಡಗಡೆಯ ತೂತಿನೊಳಗೆ ನೋಡಿದ.

ಆಮೇಲೆ ಪಕ್ಕಕ್ಕೆ ಸರಿದ.

"ಬಾ, ನೀನೂ ನೋಡು," ಎಂದ.