ಒಂಬತ್ತು ಮಹಡಿ, ನಾಲ್ಕು ಹೆಗಲು

“ಮುಂದಿನವರು ಮೇಲೆತ್ತಿ, ಹಿಂದಿನವರು ಸೊಂಟಕ್ಕಿಳಿಸಿ. ಅಮ್ಮ ಜಾರ್ತಿದ್ದಾಳೆ,” ಎಂದ ಇಫ್ಲಾಲ್.

ಎಂಟನೆಯ ಮಹಡಿಯ ತಿರುವಿನಲ್ಲಿ ಸಂದೂಕ ಗೋಡೆಗೆ ತಗುಲಿ ನಿಂತಿತು. ಅದರೊಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಲಗಿದ್ದವಳು ಜುಮಾನಿಯಾ. ಬೆಳಗಿನ ಜಾವ ತೀರಿಕೊಂಡಿದ್ದಳು. ಮುಂದೆ ಹೆಗಲು ಕೊಟ್ಟವರು ಮಗ ಇಫ್ಲಾಲ್, ಅಳಿಯ ನಸೂರ್. ಹಿಂದೆ ಕ್ಷೌರದ ಅಂಗಡಿಯ ಸೆಲ್ವಂ ಮತ್ತು ಪಂಚರ್ ಹಾಕುವ ಸುಗತಪಾಲ, ಇಬ್ಬರೂ ಅರವತ್ತು ದಾಟಿದವರು.

ಬೆಳಿಗ್ಗೆ ಕಟ್ಟಡದ ಮ್ಯಾನೇಜರ್ ದಿಲಾನ್ ಒಂಬತ್ತನೆಯ ಮಹಡಿಯ ಅವರ ಬಾಗಿಲಿಗೇ ಬಂದು ದಾರಿ ಹೇಳಿಕೊಟ್ಟಿದ್ದ. “ಸಂದೂಕ ಲಿಫ್ಟಲ್ಲಿ ಹಿಡಿಯಲ್ಲ ಸರ್. ಇಲ್ಲಿ ಎಲ್ರೂ ಏನ್ ಮಾಡ್ತಾರೆ ಅಂದ್ರೆ, ಸ್ಟ್ರೆಚರ್‌ಗೆ ಬಿಗಿದು ನೆಟ್ಟಗೆ ನಿಲ್ಲಿಸಿ ಇಳಿಸಿಬಿಡ್ತಾರೆ. ಎರಡೇ ನಿಮಿಷ.”

“ನಿಮ್ಮಮ್ಮನ್ನೂ ಹಾಗೇ ಇಳಿಸಿದ್ರಾ?”

“ನಮ್ದು ನೆಲದ ಮೇಲಿನ ಮನೆ ಸರ್.”

ಆ ಸಿಟ್ಟಿನಲ್ಲೇ ಇಫ್ಲಾಲ್ ಸಂದೂಕ ಎತ್ತಿಸಿದ. ಎಷ್ಟು ಜನ ಇದ್ದಾರೆಂದು ಎಣಿಸಲಿಲ್ಲ. ಮೊದಲಿದ್ದ ಓಣಿಯಲ್ಲಿ ಸಾವಾದರೆ ಯಾರೂ ಎಣಿಸುತ್ತಿರಲಿಲ್ಲ. ಹೊಸ್ತಿಲು ದಾಟುವುದರೊಳಗೆ ನಲವತ್ತು ಹೆಗಲು ತಾವಾಗಿ ಬರುತ್ತಿದ್ದವು, ಏಳೇಳು ಹೆಜ್ಜೆ ಹೊತ್ತು ಕೈ ಬದಲಾಯಿಸುತ್ತಿದ್ದವು. ಹೆಗಲಿಗೇರಿದ ಸಂದೂಕ ಮಸೀದಿ ಮುಟ್ಟುವ ತನಕ ನೆಲ ಮುಟ್ಟಬಾರದು. ಈಗ ನಾಲ್ಕು ಹೆಗಲು, ಕೆಳಗೆ ಇನ್ನೂ ಎಂಟು ಮಹಡಿ.

ಏಳನೆಯ ಮಹಡಿಯಲ್ಲಿ ಸುಗತಪಾಲ ಹೆಜ್ಜೆ ನಿಲ್ಲಿಸಿ ಕಂಬಿಗೆ ಒರಗಿದ.

“ತಮ್ಮಾ, ಒಂದೇ ಒಂದು ನಿಮಿಷ ಇಳಿಸೋಣ್ವಾ?”

“ಇಳಿಸಂಗಿಲ್ಲ ಸುಗತಣ್ಣ.”

“ಈ ನಿಯಮ ಮಾಡಿದೋರು ಒಂಬತ್ತನೇ ಮಹಡೀಲಿ ಇರ್ಲಿಲ್ಲ ಅಂತ ಕಾಣುತ್ತೆ.”

“ಮಾತಾಡಿದ್ರೆ ಉಸಿರು ಹೋಗುತ್ತೆ,” ಎಂದ ಸೆಲ್ವಂ. “ನಿನ್ನನ್ನೂ ಹೊರೋಕೆ ನನ್ನಿಂದಾಗಲ್ಲ.”

*

ಬಂದರಿನ ಹತ್ತಿರದ ಕೊಂಪನ್ನವೀದಿಯ ಬಡಾವಣೆಯ ಆ ಓಣಿಯನ್ನು ಕೆಡವಿದ ವರ್ಷ ಹೊಸ ಕಟ್ಟಡದ ಮನೆಗಳನ್ನು ಚೀಟಿ ಎತ್ತಿಸಿ ಹಂಚಿದರು. ಜುಮಾನಿಯಾ ತನ್ನ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದಳು.

“ಇದರಲ್ಲಿ ಪಕ್ಕದ ಮನೇಲಿ ಯಾರು ಅಂತ ಬರೆದಿಲ್ವಲ್ಲಪ್ಪ.”

“ಅಮ್ಮಾ, ನಿಮಗೆ ಮನೆ ಸಿಕ್ಕಿದೆ,” ಎಂದ ಅಧಿಕಾರಿ.

“ಮನೆ ಮೊದಲೂ ಇತ್ತು.”

ನಲವತ್ತು ವರ್ಷ ಅವಳು ಆ ಮನೆಯ ಕಿಟಕಿಯಲ್ಲಿ ಹಬೆಯಲ್ಲಿ ಬೇಯಿಸಿದ ಪಿಟ್ಟು ಮತ್ತು ಕರುಳಿನ ಸಾರು ಮಾರಿದ್ದಳು. ಐದು ಗಂಟೆಗೆ ಬಂದರಿನ ಕೂಲಿಗಳು, ಆರಕ್ಕೆ ಮಸೀದಿಯಿಂದ ಬಂದವರು, ಭಾನುವಾರ ಇಗರ್ಜಿ ಮುಗಿಸಿದವರು. ಮಾಂಸ ತಿನ್ನದೆ ಕೋವಿಲ್ ಗುಡಿಗೆ ಹೋಗಿಬರುತ್ತಿದ್ದ ಸೆಲ್ವಂನ ಅಪ್ಪನಿಗೆಂದು ತೆಂಗಿನ ಹಾಲಿನ ಪಾತ್ರೆ ಬೇರೆಯೇ ಇರುತ್ತಿತ್ತು, ಅದರ ಸೌಟೂ ಬೇರೆ.

ಹೊಸ ಕಟ್ಟಡದಲ್ಲಿ ಮೊದಲ ಕೆಲವು ವಾರ ಓಣಿಯವರೆಲ್ಲ ಬೆಳಗಿನ ಜಾವ ನಾಲ್ಕಕ್ಕೆದ್ದು ಓಣಿಯ ನಲ್ಲಿಯ ಮುಂದೆ ಇಡುತ್ತಿದ್ದ ಹಾಗೆ ಬಾಗಿಲ ಹೊರಗೆ ಬಕೆಟ್ ಸಾಲಾಗಿ ಇಟ್ಟರು. ನಲ್ಲಿ ಮನೆಯೊಳಗೇ ಇತ್ತು. ಕಾರಿಡಾರಿನಲ್ಲಿ ಬಕೆಟ್ ಇಡಬಾರದೆಂದು ನೋಟೀಸು ಬಂತು. ಬಕೆಟ್‌ಗಳು ಒಳಗೆ ಹೋದವು, ಅವುಗಳ ಹಿಂದೆಯೇ ಜನರೂ.

ಜುಮಾನಿಯಾ ಹೋಗಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಪ್ರತಿ ಮಹಡಿಯಲ್ಲೂ ಬಾಗಿಲು ಬಡಿಯುತ್ತಿದ್ದಳು. “ಆ ಡಬ್ಬಿಯೊಳಗೆ ಯಾರೂ ಯಾರನ್ನೂ ಮಾತಾಡ್ಸಲ್ಲ,” ಎಂದು ಲಿಫ್ಟ್ ಹತ್ತುತ್ತಿರಲಿಲ್ಲ. ಕಟ್ಟಡದೊಳಗೆ ಮಾರಾಟ ಮಾಡುವಂತಿಲ್ಲ ಎಂದರು. “ಮಾರ್ತಿಲ್ಲ, ಕೊಡ್ತಿದ್ದೀನಿ,” ಎಂದಳು. ಆಯಾಸವಾಗುತ್ತದೆಂದು ನಾಲ್ಕನೆಯ ಮಹಡಿಯ ತಿರುವಿನಲ್ಲಿ ಒಂದು ಸ್ಟೂಲು ಇಟ್ಟಳು. ಕಾವಲಿನವರು ಮೂರು ಸಲ ಎತ್ತಿಕೊಂಡು ಹೋದರು. ಅವಳು ನಾಲ್ಕನೆಯ ಸಲ ತಂದಿಟ್ಟಳು.

*

ಆರನೆಯ ಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು. ಮರ್ಲೀನ್. ಓಣಿಯಲ್ಲಿ ಜುಮಾನಿಯಾಳ ಎದುರು ಮನೆಯಲ್ಲಿದ್ದ, ಯುರೋಪಿಯನ್ ಮೂಲದ ಬರ್ಗರ್ ಸಮುದಾಯದ ಹೆಂಗಸು.

“ಈ ಹೊತ್ತಾದ್ರೂ ಪಿಟ್ಟು ಯಾಕೆ ಬರ್ಲಿಲ್ಲ ಅಂತ ನೋಡ್ತಿದ್ದೆ,” ಎಂದವಳು ಸಂದೂಕ ನೋಡಿ ಹೊರಗೆ ಬಂದಳು. ಆಮೇಲೆ ಇಫ್ಲಾಲ್‌ನತ್ತ ತಿರುಗಿದಳು. “ನಂಗೆ ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ? ನಿನ್ನ ಮೊದಲನೇ ಚಡ್ಡಿ ಹೊಲಿದೋಳು ನಾನು.”

ಉತ್ತರಕ್ಕೆ ಕಾಯದೆ ಕಂಬಿಯ ಮೇಲೆ ಬಗ್ಗಿ, ಮೆಟ್ಟಿಲುಗಳ ನಡುವಿನ ಆಳಕ್ಕೆ ಕೂಗಿದಳು: “ಜುಮಾನಿಯಾ ಇಳಿದು ಬರ್ತಿದ್ದಾಳೆ. ನಾಲ್ಕೇ ಜನ ಇದ್ದಾರೆ. ಬನ್ನಿ.”

ನಂತರ ಸುಗತಪಾಲನನ್ನು ಪಕ್ಕಕ್ಕೆ ತಳ್ಳಿ ಅವನ ಹಿಡಿಗೆ ಕೈ ಹಾಕಿದಳು.

“ಹೆಂಗಸರು ಹೊರೋ ಹಾಗಿಲ್ಲ ಆಂಟಿ,” ಎಂದ ನಸೂರ್.

“ನಾನೆಲ್ಲಿ ಹೊರ್ತಿದ್ದೀನಿ? ಬೀಳ್ದೇ ಇರ್ಲಿ ಅಂತ ಹಿಡ್ಕೊಂಡಿದ್ದೀನಿ.”

ಐದರಲ್ಲಿ ಎರಡು ಬಾಗಿಲು ತೆರೆದವು. ನಾಲ್ಕರಲ್ಲಿ ಹಾಲಿನ ಅಂಗಡಿಯ ಅಣ್ಣತಮ್ಮಂದಿರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೆಗಲು ಕೊಟ್ಟರು. ಯಾರ ಹೆಗಲ ಮೇಲೆ ಯಾವ ತುದಿ ಇದೆಯೆಂದು ಮೂರನೆಯ ಮಹಡಿಯ ಹೊತ್ತಿಗೆ ತಿಳಿಯದಾಯಿತು. ಮೆಟ್ಟಿಲ ಮೇಲೆ ಸಂದೂಕ ಒಮ್ಮೆಯೂ ಓರೆಯಾಗದೆ ಕೈಯಿಂದ ಕೈಗೆ ಇಳಿಯಿತು. ಮುಖ ನೋಡಿ ವರ್ಷಗಳಾದವರು ಅದರ ಕೆಳಗೆ ಒಬ್ಬರನ್ನೊಬ್ಬರು ಗುರುತಿಸಿ, “ನೀನೂ ಇಲ್ಲೇ ಇದೀಯಾ?” ಎಂದು ಪಿಸುಗುಟ್ಟಿದರು.

ಮೊದಲನೆಯ ಮಹಡಿಯಲ್ಲಿ ದಿಲಾನ್ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ.

“ಸರ್, ಒಂದು ಮಾತು. ಕೆಳಗೆ ಮನೆ ಕೊಳ್ಳೋಕೆ ಬಂದೋರಿದ್ದಾರೆ. ಅವರೆದುರಿಗೆ ಇದನ್ನ ತರೋದು ಚೆನ್ನಾಗಿರಲ್ಲ. ಹಿಂದಿನ ಗೇಟಲ್ಲಿ ಎಸಿ ವ್ಯಾನ್ ನಿಲ್ಸಿದ್ದೀನಿ. ಮಸೀದಿ ಬಾಗಿಲಿಗೇ ಬಿಡುತ್ತೆ. ನೀವೇನೂ ಕೊಡೋದು ಬೇಡ.”

“ನಮಾಜಿಗೆ ಹೊತ್ತಾಯ್ತು ಭಾವ,” ಎಂದ ನಸೂರ್ ಮೆಲ್ಲಗೆ. “ಎಲ್ರಿಗೂ ಸುಸ್ತಾಗಿದೆ. ವ್ಯಾನ್ ಆದ್ರೆ ಆಗ್ಲಿ.”

ಇಫ್ಲಾಲ್ ತಲೆಯೆತ್ತಿ ನೋಡಿದ. ಮೇಲಿನ ಮೂರು ತಿರುವುಗಳ ತನಕ ಮೆಟ್ಟಿಲು ಕಾಣಿಸುತ್ತಿರಲಿಲ್ಲ, ಜನವೇ ಇದ್ದರು. ಸಂದೂಕದ ಮುಂತುದಿ ದಿಲಾನ್‌ನ ಎದೆಯಿಂದ ಒಂದು ಗೇಣು ದೂರದಲ್ಲಿ, ಅಲುಗದೆ ನಿಂತಿತ್ತು.

“ಬೇಡ,” ಎಂದ ಇಫ್ಲಾಲ್.