ಸೊಣ್ಣಪ್ಪನ ಬೆಂಜು

"ಚಟ್ಟ ಕಟ್ಟಬೇಡಿ," ಎಂದಳು ಶಾಮಲಮ್ಮ.

ಅಂಗಳದಲ್ಲಿ ಬಿದಿರು ಸೀಳುತ್ತಿದ್ದವರು ಎತ್ತಿದ ಮಚ್ಚನ್ನು ಹಾಗೇ ಹಿಡಿದು ನಿಂತರು. ತಮಟೆಯವರೂ ಕೈ ನಿಲ್ಲಿಸಿದರು. ಗೋಡೆಗೆ ಒರಗಿಸಿ ಕೂರಿಸಿದ್ದ ಸೊಣ್ಣಪ್ಪ ಮಾತ್ರ, ಕೊರಳಲ್ಲಿ ಸೇವಂತಿಗೆ ಹಾರ, ಹಣೆಗೆ ಅಂಟಿಸಿದ ರೂಪಾಯಿ ಬಿಲ್ಲೆ, ಮನೆಯವಳು ಏನು ಹೇಳಿದರೂ ನಡೆಯಲಿ ಎಂದು ಒಪ್ಪಿಕೊಂಡು ಕೂತಿದ್ದ. ರಾತ್ರಿ ಮುದ್ದೆ ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದ ಸಾವು, ಪುಣ್ಯಾತ್ಮ!

ಮಗ ಅರುಣ್‌ಕುಮಾರ್ ಹತ್ತಿರ ಬಂದ. "ಮತ್ತೆ ಹೆಂಗಮ್ಮ ತಗೊಂಡು ಹೋಗೋದು?"

"ಗಾಡೀಲಿ. ಅವರ ಗಾಡೀಲೇ."

ಅರುಣ ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಕೆನೆಬಣ್ಣದ ಬೆಂಜ್ ಕಾರು ನಿಂತಿತ್ತು. ಮೊನ್ನೆಯ ಮದುವೆಯ ಕನಕಾಂಬರದ ಎಳೆಯೊಂದು ಇನ್ನೂ ಅದರ ಬಾಗಿಲ ಹಿಡಿಗೆ ಸುತ್ತಿಕೊಂಡಿತ್ತು. ಅವನು ದನಿ ತಗ್ಗಿಸಿದ. "ಅಮ್ಮಾ, ಅದು ಮದುಮಗಳು ಹತ್ತೋ ಗಾಡಿ. ಒಂದ್ಸಲ ಹೆಣ ಕೂತ್ರೆ ಇನ್ಯಾರು ಹೆಣ್ಣನ್ನ ಹತ್ತಿಸ್ತಾರೆ? ಕ್ಯಾಲನೂರಿಂದ ಮಾಸ್ತಿವರೆಗೂ ಅಪ್ಪನ ಗಾಡೀನೇ ಬೇಕು ಅಂತಾರೆ. ಆ ಹೆಸರು ಇವತ್ತಿಗೆ ಮುಗಿದು ಹೋಗುತ್ತೆ."

"ಹೆಣ ಅನ್ನಬೇಡ ಕಣೋ, ನಿಮ್ಮಪ್ಪ ಅದು."

ಮಗ ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಬೆಳಗ್ಗೆ ಹಾಲಿನ ಡೈರಿ, ಲಗ್ನದ ದಿನ ಗಾಡಿ, ಮನೆ ನಡೆಯುತ್ತಿದ್ದದ್ದು ಹಾಗೆ. ಆದರೂ ನಾಲ್ಕು ಬಿದಿರಿನ ಮೇಲೆ ಅವನನ್ನು ಹೊತ್ತು ಹೋಗುವುದನ್ನು, ಗಾಡಿ ಕೊಟ್ಟಿಗೆಯಲ್ಲಿ ನಿಂತು ಸುಮ್ಮನೆ ನೋಡುವುದನ್ನು ಅವಳು ಸಹಿಸಲಾರಳು.

ಎಲ್ಲರೂ ಪಕ್ಕದ ಮನೆಯ ಕೋದಂಡರಾಮಪ್ಪನ ಮುಖ ನೋಡಿದರು. ಸಾವಿನ ಮನೆಯ ಕಟ್ಟುಪಾಡು ಹೇಳುವ ಹಿರಿಯ ಅವನೇ. ಬರುವ ತಿಂಗಳು ಅವನ ಮೊಮ್ಮಗಳು ದಿವ್ಯಳ ಮದುವೆ, ಗಾಡಿಯನ್ನು ಆಗಲೇ ಹೇಳಿಯಾಗಿತ್ತು. ಶಾಮಲಮ್ಮನಿಗೆ ಭಯವಿದ್ದದ್ದೂ ಅವನದೇ. ಅವನು ಜಗುಲಿಯ ಮೇಲೆ ಕೋಲು ಊರಿ ಕೂತೇ ಇದ್ದ.

*

ಇಪ್ಪತ್ತೈದು ವರ್ಷದ ಹಿಂದೆ ಸೊಣ್ಣಪ್ಪ ಮನೆಯಿಂದ ಹೊರಟದ್ದು ಟಿಲ್ಲರ್ ತರುತ್ತೇನೆಂದು. ಸಂಜೆ ಅವನು ಬಂದದ್ದು ಬಾಡಿಗೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಬಂದ ಒಂದು ಸತ್ತ ಕಾರಿನ ಜೊತೆ! ಕೆ.ಜಿ.ಎಫ್. ಕಡೆ ಯಾರೋ ಮುದಿ ಡಾಕ್ಟರ ಬಂಗಲೆಯ ಹಿತ್ತಲಲ್ಲಿ ವರ್ಷಗಟ್ಟಲೆ ಮಳೆ ಬಿಸಿಲು ತಿಂದು ನಿಂತಿದ್ದ ಗಾಡಿ. ಕೆಳಗೆಲ್ಲ ತುಕ್ಕು, ಬಾಗಿಲಲ್ಲಿ ಗೆದ್ದಲು, ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿ. ಡಾಕ್ಟರು ಕೋಳಿಯನ್ನೂ ಸೇರಿಸಿಯೇ ಕೊಟ್ಟಿದ್ದರು.

"ಟಿಲ್ಲರ್ ಎಲ್ಲಿ?" ಎಂದು ಕೇಳಿದಳು ಶಾಮಲಮ್ಮ.

"ಡೀಸೆಲ್ ಎಂಜಿನ್ನೇ ಕಣೇ ಇದೂನೂ," ಎಂದ ಸೊಣ್ಣಪ್ಪ.

ಹೆಂಡತಿ ಮೂರು ದಿನ ಮಾತಾಡಲಿಲ್ಲ. ಊರು ಮಾತ್ರ ಬಾಯಿ ತುಂಬ ಮಾತಾಡಿತು. ಉಳುಮೆಗೆ ಬೆಂಜು ತಂದ ಸಾಹುಕಾರ ಎಂದು ಹೋಟೆಲಿನಲ್ಲಿ ನಕ್ಕರು. ಅವನಿಗೆ ಅದೆಲ್ಲ ಕಿವಿಗೇ ಬೀಳಲಿಲ್ಲ. ಮುಳಬಾಗಿಲಿನಿಂದ ಮುನಿಕೃಷ್ಣ ಎಂಬ ಮೆಕ್ಯಾನಿಕ್ ವಾರಕ್ಕೊಮ್ಮೆ ಬಂದ. ಇಬ್ಬರೂ ಟ್ಯಾಂಕಿನಿಂದ ಕೆಸರು ತೆಗೆದರು, ನಾಜಲ್ ಬಿಚ್ಚಿ ತೊಳೆದರು, ಪಂಪನ್ನು ಮಗುವನ್ನು ಆಸ್ಪತ್ರೆಗೆ ಒಯ್ಯುವಂತೆ ಟವೆಲಿನಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದು ತಂದರು. ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದು ಕತ್ತಲಾಗುವವರೆಗೂ ಅವನು ತುಕ್ಕು ಉಜ್ಜುತ್ತಿದ್ದ. ಒಂದು ದಿನ ಶಾಮಲಮ್ಮ ಸಿಟ್ಟಿನಿಂದಲೇ ಕಾಫಿ ತಂದವಳು, ಲೋಟ ಕೊಟ್ಟು ಹೋಗುವ ಬದಲು ಸೀಟಿನ ಹರಿದ ಹೊಲಿಗೆಗೆ ಸೂಜಿ ದಾರ ಹಿಡಿದು ಕೂತಳು. ಅದು ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

*

"ನನ್ನ ಮದುವೇಲಿ ಕೆರೆ ಕೋಡಿ ಹತ್ರ ಗಾಡಿ ಬಿಸಿ ಆಗಿ ನಿಂತುಬಿಡ್ತು," ಎಂದಳು ಗಂಗಾಲಕ್ಷ್ಮಿ. ಕೆಳಗಿನ ಬೀದಿಯ ಹುಡುಗಿ, ಶ್ರೀನಿವಾಸಪುರದ ಗಂಡನ ಮನೆಯಿಂದ ಬಸ್ಸಿನಲ್ಲಿ ಈಗಷ್ಟೇ ಬಂದಿದ್ದಳು. ಬೆಳಗ್ಗೆಯಿಂದ ಹೀಗೆ ಊರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಶಾಮಲಮ್ಮನ ಸುತ್ತ ಕೂರುತ್ತಿದ್ದರು. "ಸೊಣ್ಣಪ್ಪ ಮಾವ ಇಳಿದು ಹೋಗಿ ಕೆರೆ ಕಡೆ ಮುಖ ಮಾಡಿ ನಿಂತ್ರು. ಎಂಜಿನ್ ತಣ್ಣಗಾಗೋವರೆಗೂ ನಾನು ಗೊಳೋ ಅಂತ ಅತ್ತೆ. ನಮ್ಮೆಜಮಾನ್ರು ಬಿಸಿಲಿಗೆ ಆ ಕಡೆ ಬೆವರು ಒರಸ್ಕೊಂಡು ನಿಂತಿದ್ರು."

ಕೋದಂಡರಾಮಪ್ಪನ ಮಗಳು, ದಿವ್ಯಳ ತಾಯಿ ಅನಿತ ತಲೆಯೆತ್ತಿದಳು. "ನಿನ್ನದೂ ಕೋಡಿ ಹತ್ರಾನೇನೇ?"

"ಹೂಂ ಅಕ್ಕಾ."

"ನಂದೂ ಅಲ್ಲೇ!"

ಇನ್ನಿಬ್ಬರು ತಮ್ಮದೂ ಅಲ್ಲೇ ಎಂದರು. ಮೂಲೆಯಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಅಳುತ್ತಿದ್ದ ಮುನಿಕೃಷ್ಣ ಕಣ್ಣೊರಸಿಕೊಂಡು ಕೇಳಿದ.

"ಏಮಮ್ಮಾ, ಬಿಸಿನಾ? ಆ ಎಂಜಿನ್ನಾ?" ಅವನಿಗೆ ಅವಮಾನವಾಗಿತ್ತು. "ನಾನು ಕಟ್ಟಿದ ಎಂಜಿನ್ನಮ್ಮಾ ಅದು. ನಂದಿಬೆಟ್ಟ ಹತ್ತಿಸಿದ್ರೂ ಬಿಸಿ ತೋರ್ಸೋ ಮುಳ್ಳು ಮೇಲಕ್ಕೆ ಹೋಗಿಲ್ಲ. ಇಷ್ಟು ವರ್ಷದಲ್ಲಿ ಒಂದಿನಾನೂ ಬಿಸಿ ಆಗಿಲ್ಲ, ದೇವರಾಣೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅನಿತ. ಆಮೇಲೆ ಎಲ್ಲರೂ ನಕ್ಕರು, ಸಾವಿನ ಮನೆ ಎಂಬುದನ್ನೂ ಮರೆತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ನಗುತ್ತಲೇ ಗಂಗಾಲಕ್ಷ್ಮಿ ಅಳತೊಡಗಿದಳು. ಮಂಟಪದಲ್ಲಿ ಅತ್ತರೆ ಬೀಗರು ನೋಡುತ್ತಾರೆ, ಗಂಡನ ಮನೆಯಲ್ಲಿ ಅತ್ತರೆ ಅಪಶಕುನ ಅನ್ನುತ್ತಾರೆ; ನಡುವೆ ಆ ಒಂದು ಜಾಗ ಇಟ್ಟಿದ್ದನಲ್ಲ ಮಹಾರಾಯ!

ಶಾಮಲಮ್ಮ ಗೋಡೆಗೊರಗಿದ ಗಂಡನನ್ನು ನೋಡಿದಳು. ಕಳ್ಳ, ತನಗೂ ಹೇಳಿರಲಿಲ್ಲ. ಇಂಥವನ ಜೊತೆ ಬಾಳಿದೆನಲ್ಲ ಎಂದು ಎದೆ ತುಂಬಿ ಬಂತು. ಇವನನ್ನು ಆ ಗಾಡಿಯಲ್ಲಿ ಕಳಿಸದಿದ್ದರೆ ತಾನು ಇದ್ದೂ ಏನು ಉಪಯೋಗ?

*

ಹೆಣ್ಣುಮಕ್ಕಳ ಈ ಸವಾರಿ ಶುರುವಾದದ್ದು ಒಂದು ದೊಡ್ಡ ತಪ್ಪಿನಿಂದ. ಗಾಡಿ ಮೊದಲ ಸಲ ಸ್ಟಾರ್ಟ್ ಆಗುತ್ತದೆ ಎಂದಾದಾಗ ಸೊಣ್ಣಪ್ಪ, ಮುನಿಕೃಷ್ಣ ಇಬ್ಬರಿಗೂ ಮೈಮೇಲೆ ಎಚ್ಚರವಿರಲಿಲ್ಲ. ಕೊಟ್ಟಿಗೆಯಲ್ಲೇ ಕೀಲಿ ತಿರುಗಿಸಿದರು. ಗಾಡಿ ಕೆಮ್ಮಿತು, ನಡುಗಿತು, ಆಮೇಲೆ ಗಡಗಡ ಎಂದು ಎದ್ದಿತು. ಇಬ್ಬರೂ ತಬ್ಬಿಕೊಂಡು ಕುಣಿದರು. ಹಿಂದಿನಿಂದ ಬಂದ ಹೊಗೆಯೆಲ್ಲ ನೇರ ಹೋಗಿ ಕೋದಂಡರಾಮಪ್ಪನ ಹುಳದ ಮನೆಯ ಕಿಟಕಿಯಲ್ಲಿ ನುಗ್ಗಿತು.

ರೇಷ್ಮೆ ಹುಳ ಸಾಕುವ ಬೀದಿ ಅದು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಒಗ್ಗರಣೆ ಹಾಕಲೂ ಯೋಚಿಸುವ ಜನ, ಬೀಡಿ ಸೇದುವವರನ್ನು ಬೀದಿಯಾಚೆ ಅಟ್ಟುವ ಜನ. ಅಂಥಲ್ಲಿ ವರ್ಷಗಟ್ಟಲೆ ಕೊಳೆತ ಡೀಸೆಲ್ ಹೊಗೆ! ಸಂಜೆಗೆ ಕೋದಂಡರಾಮಪ್ಪ ತಟ್ಟೆ ಹಿಡಿದು ಬಂದು ಅಂಗಳದಲ್ಲಿ ನಿಂತ. ತಟ್ಟೆಯಲ್ಲಿ ಹುಳಗಳು ಹಸಿರು ಕಕ್ಕಿಕೊಂಡು ಬಿದ್ದಿದ್ದವು. ಮಗಳ ಮದುವೆಗೆಂದು ನಂಬಿಕೊಂಡಿದ್ದ ಬೆಳೆ.

ಸೊಣ್ಣಪ್ಪ ಏನೂ ವಾದ ಮಾಡಲಿಲ್ಲ. ಒಳಗೆ ಹೋಗಿ ತನ್ನ ಮನೆಯ ಹುಳದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಕೋದಂಡರಾಮಪ್ಪನ ಮನೆಗೆ ಹೊತ್ತ. ಆ ಸಲ ಸೊಣ್ಣಪ್ಪನ ಮನೆಯ ಹುಳ ಚೆನ್ನಾಗಿ ಬಂದಿತ್ತು. ಶಾಮಲಮ್ಮ ಬಾಯಿಗೆ ಬಂದಂತೆ ಬೈಯುತ್ತಲೇ ತಟ್ಟೆಯ ಇನ್ನೊಂದು ಕಡೆ ಹಿಡಿದಳು. ಆ ತಿಂಗಳು ಅವರ ಮನೆಯಲ್ಲಿ ಮಾರಲು ಗೂಡು ಇಲ್ಲ. ಅನಿತಳ ಮದುವೆ ಮಾತ್ರ ನಿಲ್ಲಲಿಲ್ಲ. ಧಾರೆ ಮುಗಿದ ಮೇಲೆ ಅನಿತ ಬಂದು ಸೊಣ್ಣಪ್ಪನ ಗಾಡಿ ಹತ್ತಿ ಕೂತಳು.

ಅಲ್ಲಿಂದಾಚೆಗೆ ಸೊಣ್ಣಪ್ಪ ಆ ಬೀದಿಯಲ್ಲಿ ಗಾಡಿ ಸ್ಟಾರ್ಟ್ ಮಾಡಲಿಲ್ಲ. ಕೊಟ್ಟಿಗೆಯಿಂದ ದೊಡ್ಡ ರಸ್ತೆಯವರೆಗೆ ತಳ್ಳುವುದು, ಅಲ್ಲಿ ಸ್ಟಾರ್ಟ್ ಮಾಡುವುದು. ಬರುವಾಗಲೂ ರಸ್ತೆಯಲ್ಲೇ ಬಂದ್ ಮಾಡಿ ತಳ್ಳಿಕೊಂಡು ಬರುವುದು. ಆನೆಯಷ್ಟು ಭಾರದ ಗಾಡಿ! ಬೀದಿಯ ಗಂಡಸರೆಲ್ಲ ಬೈದುಕೊಂಡೇ ಹೆಗಲು ಕೊಡುತ್ತಿದ್ದರು. ಸ್ಟೀರಿಂಗ್ ಹಿಡಿಯುವ ಕೆಲಸ ಶಾಮಲಮ್ಮನದು. "ನೀನು ಹಗುರ ಇದೀಯ, ಹತ್ತು. ಸುಮ್ನೆ ನೇರಕ್ಕೆ ಹಿಡ್ಕೋ ಸಾಕು," ಎಂದಿದ್ದ ಸೊಣ್ಣಪ್ಪ. ರಸ್ತೆ ಬಂದ ಕೂಡಲೇ ಅವಳು ಇಳಿಯುತ್ತಿದ್ದಳು, ಅವನು ಹತ್ತುತ್ತಿದ್ದ.

*

ಕೋದಂಡರಾಮಪ್ಪ ಕೋಲು ಊರಿ ಎದ್ದ.

"ನಾನು ಹುಳ ಬಿಟ್ಟು ಎಷ್ಟೋ ವರ್ಷ ಆಯ್ತು," ಎಂದ. "ಈಗ ಈ ಬೀದೀಲಿ ಯಾರ ಮನೇಲೂ ಹುಳ ಇಲ್ಲ. ಇವನಿಗೆ ಹೇಳ್ದೆ, ಸ್ಟಾರ್ಟ್ ಮಾಡೋ ಮಾರಾಯ, ಸೊಂಟ ಬಿದ್ದೋಗ್ತೈತೆ ಅಂತ. ಏನಂದ ಗೊತ್ತಾ? ನಾಳೆ ನೀನು ಮತ್ತೆ ಹುಳ ಇಟ್ರೆ, ಅಷ್ಟ್ರಲ್ಲಿ ಗಾಡಿಗೆ ಕೆಟ್ಟ ಅಭ್ಯಾಸ ಆಗಿರ್ತದೆ ಅಂದ."

ಅನಿತ ಎದ್ದು ಹೋಗಿ ಅಪ್ಪನ ತೋಳು ಹಿಡಿದಳು. "ಅಪ್ಪಾ, ಮಾವ ಗಾಡೀಲೇ ಹೋಗ್ಲಿ. ನಮ್ಮ ದಿವ್ಯಾನೂ ಬರೋ ತಿಂಗಳು ಅದೇ ಗಾಡೀಲೇ ಹೋಗ್ತಾಳೆ. ಬೀಗರು ಏನಾದ್ರೂ ಅಂದ್ರೆ ನಾನು ಮಾತಾಡ್ತೀನಿ."

"ನೀನೇನು ಮಾತಾಡ್ತೀಯ, ನಾನೇ ಮಾತಾಡ್ತೀನಿ," ಎಂದ ಕೋದಂಡರಾಮಪ್ಪ. ಬಿದಿರಿನವರ ಕಡೆ ತಿರುಗಿ ಗದರಿದ. "ಇನ್ನೂ ಮಚ್ಚು ಹಿಡ್ಕೊಂಡು ಏನ್ಲಾ ನೋಡ್ತಿದೀರ? ಹೋಗ್ರೋ, ಗಾಡಿ ಒರಸ್ರೋ!"

ಶಾಮಲಮ್ಮ ಕೈ ಮುಗಿದಳು. ಬೆಳಗ್ಗೆಯಿಂದ ಬಿಗಿಹಿಡಿದದ್ದೆಲ್ಲ ಆಗ ಅಳುವಾಗಿ ಹೊರಗೆ ಬಂತು.

"ಮುಂದಿನ ಸೀಟಾ ಅಮ್ಮ?" ಎಂದು ಕೇಳಿದ ಅರುಣ, ಮುಖ ಒರಸಿಕೊಂಡು.

"ಹಿಂದಿನ ಸೀಟಲ್ಲಿ ಕೂರ್ಸು. ಒಂದಿನಾನೂ ಅಲ್ಲಿ ಕೂತಿಲ್ಲ ಅವರು. ಕೂತ್ಕೊಂಡು ಹೋಗ್ಲಿ."

ಹಾಗೇ ಕೂರಿಸಿದರು. ಪಕ್ಕದಲ್ಲಿ ಮುನಿಕೃಷ್ಣ ತೋಳು ಬಳಸಿ ಹಿಡಿದುಕೊಂಡು ಕೂತ. ಅರುಣ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಗಾಡಿ ಸ್ಟಾರ್ಟ್ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಶಾಮಲಮ್ಮ ಎಂದಿನಂತೆ ಸ್ಟೀರಿಂಗಿನ ಮುಂದೆ ಕೂತಳು, ಗಂಡಸರು ಹಿಂದೆ ಹೆಗಲು ಕೊಟ್ಟರು. ತಮಟೆ ಮೊಳಗಿತು. ಮನೆಮನೆಯ ಮುಂದೆ ಜನ ಗಾಡಿಯ ಮೇಲೆ ಹೂವು ಎರಚಿದರು.

ದೊಡ್ಡ ರಸ್ತೆ ಬಂತು. ಹೆಂಗಸರು ಅಲ್ಲಿಂದ ವಾಪಸು ತಿರುಗಬೇಕು, ಮಣ್ಣು ಮಾಡುವ ಹೊಲಕ್ಕೆ ಗಂಡಸರು ಮಾತ್ರ. ಶಾಮಲಮ್ಮ ಬ್ರೇಕನ್ನು ಎರಡೂ ಕಾಲಿನಿಂದ ತುಳಿದು ಬಾಗಿಲು ತೆಗೆದಳು. ಇಷ್ಟು ದೂರ ಬಂದೆನಲ್ಲ, ಸಾಕು ಎಂದುಕೊಂಡಳು. ಸಾಕಾಗಿರಲಿಲ್ಲ.

"ಎಲ್ಲಿಗಮ್ಮಾ?" ಕೋದಂಡರಾಮಪ್ಪ ಕಿಟಕಿಯ ಬಳಿ ನಿಂತಿದ್ದ.

"ಇಲ್ಲೀವರೆಗೆ ತಾನೇ ಅಣ್ಣಾ ನಾವು?"

"ಇವತ್ತು ಹೊಲದವರೆಗೂ ತಳ್ಕೊಂಡೇ ಹೋಗೋದು. ಎಂಜಿನ್ ಇಲ್ದೆ ಈ ಗಾಡಿ ಹಿಡಿಯೋಕೆ ನಿನ್ನ ಬಿಟ್ಟು ಊರಲ್ಲಿ ಯಾರಿಗೆ ಬರ್ತದೆ? ಬಾಗಿಲು ಹಾಕ್ಕೊ."

"ನನಗೆ ತಿರುಗ್ಸೋಕೆ ಬರಲ್ಲ. ನೇರಕ್ಕೆ ಮಾತ್ರ."

"ಬಲಕ್ಕೆ ಎಳಿ. ಅದೇ ಬರ್ತದೆ."

ಅವಳು ಬಾಗಿಲು ಹಾಕಿಕೊಂಡಳು. ಸ್ಟೀರಿಂಗು ಒರಳುಕಲ್ಲಿನಷ್ಟು ಬಿಗಿಯಾಗಿತ್ತು. ಮೈಯ ಭಾರವನ್ನೆಲ್ಲ ಬಿಟ್ಟು ಎಳೆದಳು. ಗಾಡಿ ಮೆಲ್ಲಗೆ, ಗೊಣಗಿಕೊಂಡು, ಹೊಲದ ದಾರಿಗೆ ಮೂತಿ ತಿರುಗಿಸಿತು. ಅಲ್ಲಿಂದ ಮುಂದೆ ಏರು. ಇಲ್ಲಿ ನಿಂತುಬಿಡುತ್ತದೆ ಎಂದುಕೊಂಡಳು. ಆದರೆ ಗಾಡಿ ನಿಲ್ಲಲಿಲ್ಲ, ಬೀದಿಯಲ್ಲಿ ಬಂದದ್ದಕ್ಕಿಂತ ಸಲೀಸಾಗಿ ಏರು ಹತ್ತತೊಡಗಿತು.

ಶಾಮಲಮ್ಮ ಕತ್ತೆತ್ತಿ ಕನ್ನಡಿ ನೋಡಿದಳು. ಸೊಣ್ಣಪ್ಪ ಮುನಿಕೃಷ್ಣನ ಹೆಗಲಿಗೆ ತಲೆ ಕೊಟ್ಟು ಆರಾಮವಾಗಿ ಕೂತಿದ್ದ. ಅವನ ಹಿಂದೆ ಅನಿತ, ಗಂಗಾಲಕ್ಷ್ಮಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಇನ್ನೆಷ್ಟೋ ಹೆಣ್ಣುಮಕ್ಕಳು. ಒಬ್ಬರೂ ವಾಪಸು ತಿರುಗಿರಲಿಲ್ಲ. ಹಿಂದಿನ ಗಾಜಿನ ತುಂಬ ಬಳೆ ತೊಟ್ಟ ಕೈಗಳು ಒತ್ತಿಕೊಂಡಿದ್ದವು.